ಮುಖ ತಿರುಗಿಸಿದ ಫ್ಯಾನುಗಳು

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮವಿತ್ತು. ಅಲ್ಲಿ ಶಾಸ್ತ್ರ ಹೇಳಿಕೊಡುತ್ತಿರಲಿಲ್ಲ, ಕಂಪ್ಯೂಟರ್ ಜೋಡಿಸುವುದನ್ನು ಹೇಳಿಕೊಡುತ್ತಿದ್ದರು. ನಗುವವರು ನಗಬಹುದು. ಕಲಿಸುವವರಿದ್ದರು, ಕಲಿಯುವವರಿದ್ದರು, ಹೊತ್ತಿಗೆ ಸರಿಯಾಗಿ ರೊಟ್ಟಿ ಸಿಗುತ್ತಿತ್ತು. ಆಶ್ರಮಕ್ಕೆ ಇನ್ನೇನು ಬೇಕು?

ಗುರುಗಳ ಹೆಸರು ಮುರಿಗೆಯ್ಯ. ಶಿಷ್ಯರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಮಾತು ಬಹಳ ಕಡಿಮೆ. ಕೆಲಸ ಚೆನ್ನಾಗಿದ್ದರೆ "ಹೂಂ" ಎನ್ನುವರು. ಕೆಟ್ಟಿದ್ದರೆ ಅದೂ ಇಲ್ಲ.

ಹಿರಿಯ ಶಿಷ್ಯ ಕಲ್ಮೇಶ. ಅವನಿಗೆ ಸಿಕ್ಕಷ್ಟು "ಹೂಂ" ಆ ಆಶ್ರಮದಲ್ಲಿ ಬೇರೆ ಯಾರಿಗೂ ಸಿಕ್ಕಿರಲಿಲ್ಲ. ಅಷ್ಟಕ್ಕೇ ಅವನು ಸುಖವಾಗಿದ್ದ, ಸಾವಂತ್ರಿ ಬರುವ ತನಕ.

ಸಾವಂತ್ರಿ ಹೊಸದಾಗಿ ಸೇರಿದ ಹುಡುಗಿ. ಅವಳಿಗೆ ಸ್ಕ್ರೂ ಡ್ರೈವರ್ ಹಿಡಿಯುವುದನ್ನು ಕಲಿಸಿದವನೇ ಕಲ್ಮೇಶ. ಮೊದಲ ಪಾಠವನ್ನೂ ಅವನೇ ಹೇಳಿದ್ದ.

"ಮುಂದಿನ ಫ್ಯಾನ್ ತಂಪು ಗಾಳಿ ಒಳಗ ಎಳೀಬೇಕು. ಹಿಂದಿನ ಫ್ಯಾನ್ ಬಿಸಿ ಗಾಳಿ ಹೊರಗ ಹಾಕಬೇಕು. ಇದೊಂದು ತಪ್ಪಬ್ಯಾಡ. ಇಲ್ಲಂದ್ರ ಪೆಟ್ಟಿಗಿ ಕಾದು ತಾನ ಬಂದ್ ಆಗತೈತಿ."

"ಹೂಂ ಅಣ್ಣಾ," ಎಂದಿದ್ದಳು ಸಾವಂತ್ರಿ. ಆಗ ಅವಳು ಅವನ ಕಣ್ಣಿಗೆ ಬಹಳ ಒಳ್ಳೆಯ ಹುಡುಗಿ.

ಒಂದು ಮುಂಜಾನೆ ಸಾವಂತ್ರಿ ತಾನು ಜೋಡಿಸಿದ ಕಂಪ್ಯೂಟರನ್ನು ಪ್ರಾರ್ಥನೆಯ ಪಡಸಾಲೆಯಲ್ಲಿ ತಂದಿಟ್ಟಳು. ಪೆಟ್ಟಿಗೆಯ ಒಂದು ಪಕ್ಕಕ್ಕೆ ಗಾಜು. ಒಳಗಿನ ಫ್ಯಾನುಗಳಲ್ಲಿ ಬಣ್ಣದ ದೀಪ. ಸ್ವಿಚ್ ಒತ್ತಿದಳು.

ಮುಂದಿನ ಫ್ಯಾನಿನಲ್ಲಿ ತೆಳು ಕೇಸರಿ ಮೂಡಿತು. ಅಲ್ಲಿಂದ ಪಕ್ಕದ ಫ್ಯಾನಿಗೆ ಸರಿಯಿತು. ಅಲ್ಲಿಂದ ಹಿಂದಿನ ಫ್ಯಾನಿಗೆ. ಅದರ ಬೆನ್ನಿಗೇ ಗುಲಾಬಿ, ಗುಲಾಬಿಯ ಬೆನ್ನಿಗೆ ನೀಲಿ. ಬಣ್ಣ ನಿಲ್ಲುತ್ತಿರಲಿಲ್ಲ, ಅವಸರವನ್ನೂ ಮಾಡುತ್ತಿರಲಿಲ್ಲ. ಸುಮ್ಮನೆ ಹರಿಯುತ್ತಿತ್ತು.

ಅಜ್ಜಾರು ಅದರ ಮುಂದೆ ಬಹಳ ಹೊತ್ತು ನಿಂತರು.

"ಚಂದ ಐತಿ," ಎಂದರು.

ಕಲ್ಮೇಶ ಎಣಿಸಿದ. ಎರಡು ಮಾತು! ಇಷ್ಟು ವರ್ಷ ಅವನಿಗೆ ಬರೀ "ಹೂಂ", ನಿನ್ನೆ ಮೊನ್ನೆ ಬಂದವಳಿಗೆ ಎರಡು ಮಾತು.

ಅವತ್ತು ಊಟಕ್ಕೆ ಕೂತವನು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟ. ಅಜ್ಜಾರು ಕೈ ತೊಳೆಯಲು ನದಿಗೆ ಹೋದಾಗ ಹಿಂದೆಯೇ ಹೋದ.

"ಅಜ್ಜಾರ, ದೀಪ ಕುಣಿಸೂದು ವಿದ್ಯೆ ಏನ್ರಿ?"

"ಅಲ್ಲ."

"ಮತ್ತ ನೀವು ಚಂದ ಐತಿ ಅಂದ್ರಲ್ರಿ?"

"ಚಂದ ಇತ್ತು. ಅಂದೆ."

"ನನ್ನ ಪೆಟ್ಟಿಗಿ ನೋಡಿ ಯಾವಾಗೂ ಹಂಗ ಅಂದಿಲ್ರಿ ನೀವು."

ಅಜ್ಜಾರು ಕೈ ಒರೆಸಿಕೊಂಡರು. "ಹೌದಲ್ಲ," ಎಂದು ಎದ್ದು ಹೋದರು.

ಹೌದಲ್ಲ ಅಂತೆ! ಕಲ್ಮೇಶ ನೀರಿಗೊಂದು ಕಲ್ಲು ಬೀಸಿದ. ಹೊಟ್ಟೆಯ ಉರಿ ಅದರಿಂದ ಎಳ್ಳಷ್ಟೂ ಇಳಿಯಲಿಲ್ಲ.

ಅಂದಿನಿಂದ ಸಾವಂತ್ರಿ ಮಾಡಿದ್ದೆಲ್ಲ ಅವನಿಗೆ ತಪ್ಪಾಗಿ ಕಂಡಿತು. ಅವಳು ನಕ್ಕರೆ ಜಂಬ, ಸುಮ್ಮನಿದ್ದರೆ ಇನ್ನೂ ದೊಡ್ಡ ಜಂಬ. "ಅಣ್ಣಾ" ಎಂದು ಕರೆದರೆ ಕೆಲಸವಿದ್ದವನಂತೆ ಬೇರೆ ಕಡೆ ನೋಡುತ್ತಿದ್ದ. ಉಳಿದ ಶಿಷ್ಯರು ಅವಳ ಪೆಟ್ಟಿಗೆಯ ಸುತ್ತ ನೆರೆದು ಆಹಾ ಎಂದಾಗಲೆಲ್ಲ ಅವನು ಸಾಮಾನಿನ ಕೋಣೆಗೆ ಹೋಗಿ, ಜೋಡಿಸಿಟ್ಟಿದ್ದ ತಂತಿಗಳನ್ನು ಮತ್ತೆ ಜೋಡಿಸುತ್ತಿದ್ದ.

ಹೀಗಿರುವಾಗ ಅಜ್ಜಾರು ಪ್ರಾರ್ಥನೆ ಮುಗಿದ ಮೇಲೆ ಒಂದು ಸುದ್ದಿ ಹೇಳಿದರು.

"ಆಚಿ ದಂಡಿ ಸಾಲಿಗೆ ಒಂದು ಕಂಪ್ಯೂಟರ್ ಬೇಕಂತ. ಹುಡುಗರಿಗೆ ಕಲಿಸಾಕ ಒಬ್ಬರು ಬೇಕಂತ. ಸೋಮವಾರ ಕಲ್ಮೇಶಂದು, ಸಾವಂತ್ರೀದು, ಎರಡೂ ಪೆಟ್ಟಿಗಿ ಹಚ್ಚೂಣು. ಸಂಜೀತನಕ ಭಾರದ ಕೆಲಸಾ ಕೊಡೂಣು. ಯಾರ ಪೆಟ್ಟಿಗಿ ತಾಳತೈತೋ ಅವರ ಅದರ ಜೋಡಿ ದೋಣಿ ಹತ್ಲಿ."

ಆ ಶಾಲೆಗಾಗಿ ಕಲ್ಮೇಶ ಎಷ್ಟು ದಿನದಿಂದ ಕಾದಿದ್ದನೋ. ಮಕ್ಕಳು ತನ್ನನ್ನು "ಕಲ್ಮೇಶ ಸರ್" ಎಂದು ಕರೆಯುವುದನ್ನು ಅವನು ಎಷ್ಟೋ ಸಲ ಮನಸ್ಸಿನಲ್ಲೇ ಕೇಳಿಸಿಕೊಂಡಿದ್ದ. ಈಗ ಅದೂ ಅವಳ ಪಾಲಾಗುವುದೆಂದರೆ! ಇಲ್ಲ, ಬಿಟ್ಟುಕೊಡುವುದಿಲ್ಲ ಎಂದು ಹಲ್ಲು ಕಚ್ಚಿದ.

ಬಣ್ಣದ ದೀಪದ ಮೂರು ಫ್ಯಾನು ತಂದು ತನ್ನ ಪೆಟ್ಟಿಗೆಗೆ ಕೂಡಿಸಿದ. ಮೂರರ ದೀಪದ ತಂತಿಯನ್ನೂ ಒಂದೇ ಜಾಗಕ್ಕೆ ಚುಚ್ಚಿ ಹಚ್ಚಿ ನೋಡಿದ. ಮೂರೂ ಒಟ್ಟಿಗೆ ಕೆಂಪಾದವು, ಒಟ್ಟಿಗೆ ಹಳದಿಯಾದವು. ಬಣ್ಣ ಜಿಗಿಯುತ್ತಿತ್ತೇ ಹೊರತು ಹರಿಯಲಿಲ್ಲ.

ನೀರು ಕುಡಿಯುವ ನೆವದಿಂದ ಸಾವಂತ್ರಿಯ ಬೆನ್ನ ಹಿಂದೆ ಹಾದು ಹೋಗಿ ಅವಳ ಪರದೆಯನ್ನು ಓರೆಗಣ್ಣಿನಲ್ಲಿ ನೋಡಿದ. ಅವತ್ತು ಅವನು ಕುಡಿದಷ್ಟು ನೀರನ್ನು ಎಮ್ಮೆಯೂ ಕುಡಿಯಲಾರದು. ಆದರೂ ಗುಟ್ಟು ತಿಳಿಯಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಬಲ್ಲವಳು ಒಬ್ಬಳೇ ಇದ್ದಳು.

ಹರಿಯದಿದ್ದರೆ ಬೇಡ, ಅವಳಿಗಿಂತ ಹೆಚ್ಚು ಹೊಳೆಯಲಿ ಎಂದುಕೊಂಡ.

ಆದರೆ ಅಲ್ಲೂ ಒಂದು ತೊಡಕು. ಮುಂದಿನ ಎರಡು ಫ್ಯಾನುಗಳ ಚಂದದ ಮುಖ ಹೊರಗಡೆಗಿತ್ತು. ಗಾಜಿನಿಂದ ಇಣುಕಿದರೆ ಅವುಗಳ ಬೆನ್ನು, ಬೆನ್ನಿಗೆ ಅಡ್ಡವಾಗಿ ಪ್ಲಾಸ್ಟಿಕ್ ಪಟ್ಟಿ, ತಂತಿ. ಬೆಳಕು ತುಂಡು ತುಂಡಾಗಿ ಕಾಣುತ್ತಿತ್ತು.

ತಿರುಗಿಸಿ ಕೂಡಿಸಿದರೆ ಮುಖ ಒಳಗಾಗುತ್ತದೆ, ಗಾಜಿನಲ್ಲಿ ಪೂರ್ತಿ ಕಾಣುತ್ತದೆ. ತಿರುಗಿಸಿದರೆ ಗಾಳಿಯೂ ತಿರುಗುತ್ತದೆ. ಮುಂದಿನವೂ ಹೊರಗೇ ಊದುತ್ತವೆ, ಹಿಂದಿನದೂ ಹೊರಗೇ ಊದುತ್ತದೆ. ಇದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಒಂದು ದಿನಕ್ಕೆ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಸ್ಕ್ರೂ ಬಿಚ್ಚಿದ.

ಸೋಮವಾರ ಪಡಸಾಲೆಯಲ್ಲಿ ಎರಡೂ ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟು ಹಚ್ಚಿದರು. ಕಲ್ಮೇಶನ ಪೆಟ್ಟಿಗೆ ಝಗ್ಗೆಂದಿತು. ಗಾಜಿನ ತುಂಬ ಬೆಳಕೇ ಬೆಳಕು. ಶಿಷ್ಯರು ಹೋ ಎಂದರು.

"ಭಾರೀ ಆಗೇತಿ ಅಣ್ಣಾ!" ಎಂದಳು ಸಾವಂತ್ರಿ. ಅವಳ ಮುಖದಲ್ಲಿ ಸಂಕಟದ ಒಂದು ಗೆರೆಯಾದರೂ ಇದೆಯೇ ಎಂದು ಅವನು ಹುಡುಕಿದ. ಇರಲಿಲ್ಲ. ಅದಕ್ಕೂ ಅವನಿಗೆ ಸಿಟ್ಟು ಬಂತು.

ಅಜ್ಜಾರು ಬಂದು ಕೂತರು. ಸಾವಂತ್ರಿಯ ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದರು, ಮುಂದೆ ಹಿಡಿದರು. ಕಲ್ಮೇಶನ ಪೆಟ್ಟಿಗೆಯ ಹಿಂದೆ ಹಿಡಿದರು. ಮುಂದೆ ಹಿಡಿದಾಗ ಅವರ ಗಡ್ಡದ ತುದಿ ಅಲುಗಾಡಿತು.

"ಮುಂದನೂ ಗಾಳಿ ಬರಾಕತ್ತೈತಿ," ಎಂದರು.

"ಹೌದ್ರಿ ಅಜ್ಜಾರ," ಎಂದ ಕಲ್ಮೇಶ, ಮುಖ ನೋಡದೆ.

ಬೈಯುತ್ತಾರೆಂದು ಕಾದ. ಅಜ್ಜಾರು ಬೈಯಲಿಲ್ಲ, ಎದ್ದೂ ಹೋಗಲಿಲ್ಲ. ಜಪದ ಮಣಿ ತೆಗೆದುಕೊಂಡು ಅಲ್ಲೇ ಕೂತರು.

ಬಿಸಿಲು ಏರಿತು. ಎರಡೂ ಯಂತ್ರಗಳು ಕೊಟ್ಟ ಕೆಲಸ ಮಾಡುತ್ತಿದ್ದವು. ಒಳಗೆಷ್ಟು ಕಾವಿದೆ ಎಂಬುದು ಆಯಾ ಪರದೆಯ ಮೇಲೆ ಕಾಣುತ್ತಿತ್ತು.

ಕಲ್ಮೇಶ ನೋಡುತ್ತಿದ್ದುದು ಸಾವಂತ್ರಿಯ ಪರದೆಯನ್ನು. ಅವಳದು ಎಷ್ಟು ಕಾದಿದೆ? ಏಕೆ ಏರುತ್ತಿಲ್ಲ? ಏರಲಿ. ಒಂದು ದೀಪವಾದರೂ ಆರಲಿ. ಒಂದು ಫ್ಯಾನಾದರೂ ಕರಕರ ಅನ್ನಲಿ. ಎಂದೂ ಬಾಯಿಬಿಟ್ಟು ದೇವರನ್ನು ಬೇಡದವನು ಅವತ್ತು ಅವಳ ಪೆಟ್ಟಿಗೆ ಕೆಡಲಿ ಎಂದು ತುಟಿ ಅಲ್ಲಾಡಿಸಿ ಬೇಡಿಕೊಂಡ.

ಅಲ್ಲಿ ಬಣ್ಣ ಹರಿಯುತ್ತಲೇ ಇತ್ತು, ಕೇಸರಿ, ಗುಲಾಬಿ, ನೀಲಿ.

"ಅಣ್ಣಾ," ಎಂದಳು ಸಾವಂತ್ರಿ.

ಅವನು ಕೇಳಿಸದವನಂತೆ ಕೂತ.

"ಅಣ್ಣಾ, ನಿನ್ನ ಪೆಟ್ಟಿಗಿ ಬಂದ್ ಆಗಿ ಭಾಳೊತ್ತಾತು."

ತಿರುಗಿ ನೋಡಿದ. ಗಾಜು ಕಪ್ಪಾಗಿತ್ತು. ಪರದೆ ಕಪ್ಪಾಗಿತ್ತು. ಮುಟ್ಟಿದರೆ ಕೈ ಚುರ್ ಎಂದಿತು. ಶಿಷ್ಯರೆಲ್ಲ ನೋಡುತ್ತಿದ್ದರು, ಯಾರೂ ನಗಲಿಲ್ಲ. ನಕ್ಕಿದ್ದರೆ ಕಲ್ಮೇಶನಿಗೆ ಎಷ್ಟೋ ಹಗುರಾಗುತ್ತಿತ್ತು.

ಅಜ್ಜಾರು ಎಲ್ಲರನ್ನೂ ಊಟಕ್ಕೆ ಕಳಿಸಿದರು. ಅವರು, ಕಲ್ಮೇಶ ಇಬ್ಬರೇ ಉಳಿದರು.

"ಬಿಚ್ಚು," ಎಂದರು.

ಕಲ್ಮೇಶ ಗಾಜು ತೆಗೆದ. ಒಲೆಯ ಬಾಯಿಗೆ ಬಗ್ಗಿದ ಹಾಗೆ ಬಿಸಿ ಮುಖಕ್ಕೆ ಹೊಡೆಯಿತು.

"ಯಾಕ ತಿರುವಿ ಕೂಡಿಸಿದಿ?"

"ಫ್ಯಾನಿನ ಮಾರಿ ಗಾಜಿನ್ಯಾಗ ಕಾಣ್ಲಿ ಅಂತ್ರಿ."

"ಹಿಂಗ ಆಗತೈತಂತ ಗೊತ್ತಿದ್ದಿಲ್ಲೇನು?"

"ಗೊತ್ತಿತ್ರಿ. ಸಾವಂತ್ರಿಗೆ ಕಲಿಸಿದಾಂವ ನಾನ ರೀ."

ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. "ಹೊಟ್ಟಿಕಿಚ್ಚರಿ ಅಜ್ಜಾರ. ನೀವು ಚಂದ ಐತಿ ಅಂದ ದಿನದಿಂದ ಉರಿಯಾಕತ್ತೇನಿ. ಉಂಡದ್ದು ರುಚಿ ಹತ್ತವಲ್ದು. ಅಕಿ ಪೆಟ್ಟಿಗಿ ಕೆಡ್ಲಿ ಅಂತ ದೇವರಿಗೆ ಬೇಡ್ಕೊಂಡ್ನಿರಿ."

"ದೇವರು ಏನಂದ?"

ಕಲ್ಮೇಶ ಅಳುವಿನ ನಡುವೆಯೇ ನಕ್ಕುಬಿಟ್ಟ. ಮತ್ತೆ ಅತ್ತ.

ಅಜ್ಜಾರು ಅಳು ಮುಗಿಯಲೆಂದು ಕಾದರು. ಆಮೇಲೆ ತಾವೇ ಸ್ಕ್ರೂ ಡ್ರೈವರ್ ತೆಗೆದು ಅವನ ಕೈಗಿಟ್ಟರು. ಅವನು ಎರಡೂ ಫ್ಯಾನುಗಳನ್ನು ಮೊದಲಿನಂತೆ ತಿರುಗಿಸಿ ಕೂಡಿಸಿದ. ಹಚ್ಚಿದ. ಅಜ್ಜಾರು ಅವನ ಅಂಗೈ ಹಿಡಿದು ಪೆಟ್ಟಿಗೆಯ ಮುಂದೆ ಇಟ್ಟರು. ಅಂಗೈಯನ್ನು ಸವರಿಕೊಂಡು ತಂಪು ಗಾಳಿ ಒಳಗೆ ಹೋಗುತ್ತಿತ್ತು.

"ಇನ್ನ ಕೆಡಂಗಿಲ್ರಿ," ಎಂದ ಕಲ್ಮೇಶ, ಒಂದು ಸಣ್ಣ ಆಸೆಯಿಂದ.

"ಕೆಡಂಗಿಲ್ಲ. ಆದ್ರ ಸಾಲಿಗೆ ಸಾವಂತ್ರಿ ಹೋಗ್ಲಿ."

ಅವನ ತಲೆ ಬಗ್ಗಿತು. ಆಚೆ ದಂಡೆಯ ಮಕ್ಕಳು, "ಕಲ್ಮೇಶ ಸರ್" ಎಂಬ ಆ ಕರೆ, ಎಲ್ಲ ಅವನ ಕೈಬಿಟ್ಟು ಹೋಯಿತು. ತೆಗೆದಿಟ್ಟ ಗಾಜನ್ನು ಮತ್ತೆ ಕೂಡಿಸುತ್ತ ಕೇಳಿದ.

"ಪೆಟ್ಟಿಗಿ ತಂಪಾತ್ರಿ ಅಜ್ಜಾರ. ನಂದು ಹೆಂಗ ತಂಪಾಗಬೇಕ್ರಿ?"

ಅಜ್ಜಾರು ಮಿನುಗುತ್ತಿದ್ದ ಅವನ ಫ್ಯಾನುಗಳ ಕಡೆ ನೋಡಿದರು. ಬಣ್ಣ ಇನ್ನೂ ಜಿಗಿಯುತ್ತಲೇ ಇತ್ತು.

"ಸಾವಂತ್ರಿ ದೋಣಿ ಬಿಡೂದು ನಾಳೆ ಮುಂಜಾನೆ. ಇನ್ನ ಹೊತ್ತೈತಿ. ಬಣ್ಣ ಹೆಂಗ ಹರಿಸಿದಿ ತಂಗೀ ಅಂತ ಅಕಿನ್ನ ಕೇಳ್ಕೊಂಡು ಬಾ."