ಗಾಳೆವ್ವ ಅದಲುಬದಲು ಮಾಡಿದ ಓಲೆ

ಕೇಳ್ರಪ್ಪ. ಬಹಳ ಹಿಂದೆ, ಇಸವಿ ಗಿಸವಿ ಯಾರೂ ಬರೆದಿಡದ ಕಾಲದಲ್ಲಿ, ಹೊಳೆದಂಡೆಯ ಒಂದು ಊರಿನಲ್ಲಿ ಗಾಳೆವ್ವ ಅಂತ ಒಬ್ಬ ಅಂಬಿಗರ ಹೆಂಗಸು ಇದ್ದಳಂತೆ. ಹೊಳೆಯೇ ಗಡಿ. ಈಚೆ ದಂಡೆ ಬೊಮ್ಮನಾಯಕನದು, ಆಚೆ ದಂಡೆ ಕೆಂಗನಾಯಕನದು. ಇಬ್ಬರಿಗೂ ಎಣ್ಣೆ ಸೀಗೇಕಾಯಿ. ನಡುವೆ ಹರಿಗೋಲು ಹಾಕುವವಳು ಇವಳೊಬ್ಬಳೇ. ಯಾರ ಓಲೆಯಾದರೂ ಹೇಳಿದವರ ಕೈಗೇ ಮುಟ್ಟಿಸಬೇಕು, ಅದು ಅಂಬಿಗರ ಆಣೆ. ಅವಳು ಒಮ್ಮೆಯೂ ತಪ್ಪಿರಲಿಲ್ಲವಂತೆ.

ನಾಯಕರ ಹಿಂದಿನ ಕಾಳಗದಲ್ಲಿ ಅವಳ ಇಬ್ಬರು ಮಕ್ಕಳೂ ಹೋಗಿದ್ದರು. ಏಳು ದಿನ ಹೆಣ ದಾಟಿಸಿದಳಂತೆ, ತನ್ನವರನ್ನೂ ಊರವರನ್ನೂ. ಆಮೇಲೆ ತೋಳಿನ ನೋವು ಅವಳನ್ನು ಬಿಡಲೇ ಇಲ್ಲವಂತೆ.

ಆಗ ಬಂದ ಒಬ್ಬ ಪರಂಗಿ ಸಾಹೇಬ. ಗಿಡಮೂಲಿಕೆ ಹುಡುಕಲು ಬಂದೆ ಎಂದನಂತೆ. ಜೊತೆಗೆ ತಿಮ್ಮಾಜಿ ಅಂತ ಒಬ್ಬ ದುಭಾಷಿ. ದಿನಾ ಗಾಳೆವ್ವನ ಹರಿಗೋಲಿನಲ್ಲಿ ಕೂತು ಸಾಹೇಬ ಎಲೆ ಕೀಳುತ್ತಿದ್ದದ್ದು ಅಷ್ಟಕ್ಕಷ್ಟೆ, ಗಳ ಇಳಿಬಿಟ್ಟು ಹೊಳೆಯ ಆಳ ಅಳೆಯುತ್ತಿದ್ದದ್ದೇ ಹೆಚ್ಚು. ಔಷಧಿಗೆ ಆಳ ಯಾಕೆ ಬೇಕೋ ಅಂತ ಅವಳಿಗೆ ಅನ್ನಿಸಿತಂತೆ.

ಒಂದು ದಿನ ನಡುಹೊಳೆಯಲ್ಲಿ ಸಾಹೇಬ ಹೇಳಿದಂತೆ ತಿಮ್ಮಾಜಿ ಎರಡು ಓಲೆ ಬರೆದು, ಗಟ್ಟಿಯಾಗಿ ಓದಿಕೊಂಡ. ಹುಟ್ಟು ಹಾಕುವವಳಿಗೂ ಕಿವಿ ಇರುತ್ತದೆಂದು ಅವನಿಗೆ ತೋಚಲಿಲ್ಲ. ಬೊಮ್ಮನಾಯಕನಿಗೆ ಬರೆದದ್ದು: ಕಾಳಗ ಹೂಡು, ಕೆಂಗನಾಯಕನ ಕೋಟೆ ನಿನಗೆ ಕೊಡಿಸುತ್ತೇವೆ. ಕೆಂಗನಾಯಕನಿಗೆ ಬರೆದದ್ದು: ಕಾಳಗ ಹೂಡು, ಬೊಮ್ಮನಾಯಕನ ಕೋಟೆ ನಿನಗೇ.

ಓದಿ ಮುಗಿಸಿ ತಿಮ್ಮಾಜಿ ತನ್ನಷ್ಟಕ್ಕೆ ನಕ್ಕು, "ಇಬ್ರೂ ಬಡದಾಡಿ ಸತ್ರ ಎರಡೂ ಕೋಟೆ ನಮ್ಮವ" ಅಂದನಂತೆ. ಕೆಂಪು ದಾರದ ಓಲೆ ಬೊಮ್ಮನಾಯಕನಿಗೆ, ಹಳದಿ ದಾರದ್ದು ಕೆಂಗನಾಯಕನಿಗೆ ಎಂದು ಅವಳ ಕೈಗೇ ಕೊಟ್ಟನಂತೆ.

ಗಾಳೆವ್ವ ಮೊದಲು ಬೊಮ್ಮನಾಯಕನ ಬಾಗಿಲಿಗೆ ಹೋಗಿ, ಕೇಳಿದ್ದನ್ನು ಹೇಳಲು ನೋಡಿದಳು. ಕಾವಲಿನವನು, "ಹುಟ್ಟು ಹಾಕಾಕಿಗೆ ರಾಜಕಾರಣ ಯಾಕಬೇ? ನಡಿ, ನಡಿ" ಎಂದು ಅಟ್ಟಿದನಂತೆ. ಅವಳು ದಂಡೆಗೆ ಬಂದು ಮರಳಿನ ಮೇಲೆ ಕೂತಳು. ಓಲೆ ಹೊಳೆಗೆ ಎಸೆದರೆ ಮತ್ತೆ ಬರೆಯುತ್ತಾರೆ. ಮುಟ್ಟಿಸಿದರೆ ಮತ್ತೆ ಹೆಣ, ಮತ್ತೆ ಏಳು ದಿನ. ಹೊತ್ತು ನೆತ್ತಿಗೆ ಬರುವವರೆಗೂ ಕೂತಿದ್ದಳಂತೆ. ಆಮೇಲೆ ಎದ್ದು, ಕೆಂಪು ದಾರದ್ದನ್ನು ಕೆಂಗನಾಯಕನಿಗೆ ಕೊಟ್ಟಳು, ಹಳದಿಯದನ್ನು ಬೊಮ್ಮನಾಯಕನಿಗೆ.

ತನ್ನ ಕೋಟೆಯನ್ನೇ ಹಗೆಗೆ ಕೊಡಿಸುತ್ತೇನೆಂಬ ಮಾತು ಓದಿ ಇಬ್ಬರು ನಾಯಕರಿಗೂ ಮೈ ಉರಿಯಿತಂತೆ. ಸಾಹೇಬನನ್ನು ಹಿಡಿಯಲು ಎರಡೂ ದಂಡೆಯಿಂದ ಆಳು ಹೊರಟರು. ಅವನೂ ತಿಮ್ಮಾಜಿಯೂ ಅಷ್ಟರಲ್ಲೇ ಕಾಲಿಗೆ ಬುದ್ಧಿ ಹೇಳಿದ್ದರಂತೆ. ಎರಡೂ ಕಡೆಯ ಆಳುಗಳು ಎದುರಾದಾಗ ಇಬ್ಬರ ಓಲೆಯ ಮಾತೂ ಹೊರಬಿದ್ದು, ಸಾಹೇಬನ ಆಟವೂ ಓಲೆ ಬದಲಿಸಿದವಳು ಯಾರೆಂಬುದೂ ನಾಯಕರಿಗೆ ತಿಳಿಯಿತಂತೆ. ಕಾಳಗ ನಡೆಯಲಿಲ್ಲ.

ನಾಯಕರಿಬ್ಬರೂ ಒಟ್ಟಿಗೆ ಬಂದು, ಏನು ಬೇಕು ಕೇಳು ತಾಯಿ ಅಂದರಂತೆ.

"ಏನೂ ಬ್ಯಾಡ್ರಿ ಯಪ್ಪಾ. ಅಂಬಿಗರ ಆಣಿ ಮುರದೀನಿ, ಇನ್ನ ಹುಟ್ಟು ಮುಟ್ಟಂಗಿಲ್ಲ. ಭಾಳ ದಣದೀನಿ, ಮಲಗಾಕ ಬಿಡ್ರಿ."

ಹರಿಗೋಲನ್ನು ದಂಡೆಯ ಮೇಲೆ ಮಗುಚಿ, ಅದರ ನೆರಳಲ್ಲಿ ಮಲಗಿದಳಂತೆ. ಏಳಲೇ ಇಲ್ಲ ಅನ್ನುವವರಿದ್ದಾರೆ. ಮೂರು ದಿನ ನಿದ್ದೆ ಹೋಗಿ, ಎದ್ದು ತಂಗಿಯ ಊರಿಗೆ ನಡೆದುಹೋದಳು ಅನ್ನುವವರೂ ಇದ್ದಾರೆ.

ಅವಳು ಮಲಗಿದ ದಿನವೆಂದು, ಈಗಲೂ ಮಾನವಮಿ ಹಬ್ಬ ಕಳೆದ ಮರುದಿನ ಎರಡೂ ದಂಡೆಯ ಅಂಬಿಗರು ಹರಿಗೋಲು ಮಗುಚಿಡುತ್ತಾರೆ. ಮದುವೆ ದಿಬ್ಬಣ ಬಂದರೂ ಕಾಯಬೇಕು. ಗೊತ್ತಿಲ್ಲದವರು ಯಾರಾದರೂ ದಂಡೆಯಲ್ಲಿ ನಿಂತು ಕೂಗಿದರೆ, ಅಂಬಿಗರು ಮೆಲ್ಲಗೆ ಹೇಳುತ್ತಾರೆ: "ಸುಮ್ನಿರಪ್ಪ, ನಮ್ಮವ್ವ ಮಲಗ್ಯಾಳ."