ದಾಕ್ಷಾಯಣಕ್ಕನ ಕಾರಿನ ಹೊಗೆ

ವರದಾ ನದಿಯ ದಂಡೆಯ ಮೇಲೆ ಮಡಿವಾಳಯ್ಯಜ್ಜನವರ ಸಣ್ಣ ಆಶ್ರಮ. ಒಂದು ಕಟ್ಟೆ, ಎರಡು ಕೋಣೆ, ಹಿಂದುಗಡೆ ತಗಡಿನ ಚಪ್ಪರ.

ಅಜ್ಜ ಒಂದು ಕಾಲಕ್ಕೆ ಗ್ಯಾರೇಜು ನಡೆಸಿದವರು. ಕಾವಿ ಉಟ್ಟರೂ ಗ್ರೀಸು ಅವರ ಕೈ ಬಿಟ್ಟಿರಲಿಲ್ಲ. ಸುತ್ತಲ ಊರವರ ಪಂಪು, ಟ್ರ್ಯಾಕ್ಟರು ಕೆಟ್ಟರೆ ಬರುತ್ತಿದ್ದುದು ಆ ಚಪ್ಪರಕ್ಕೇ.

ಕಲ್ಮೇಶ ಅಲ್ಲಿಗೆ ಬಂದದ್ದು ಧ್ಯಾನ ಕಲಿಯಲು. ಅಜ್ಜ ಅವನ ಕೈಗೆ ನಟ್ಟು ಬಿಚ್ಚುವ ಪಾನಾ ಕೊಟ್ಟರು. ಕಣ್ಣು ಮುಚ್ಚೋದು ಆಮೇಲೆ ಕಲಿತರಾಯಿತು, ಮೊದಲು ತೆರೆಯೋದು ಕಲಿ ಎಂದರು.

ಅವನು ಕಲಿತ. ಕೈ ಬೇಗ ಪಳಗಿತು. ಕೈಗಿಂತ ಬೇಗ ಬಾಯಿ ಪಳಗಿತು.

ಒಂದು ದಿನ ದಾಕ್ಷಾಯಣಕ್ಕ ತಮ್ಮ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆಸಿಕೊಂಡು ಬಂದರು. ದುಂಡು ಮೂತಿಯ ಹಳೇ ಕಾಲದ ಬೂದು ಕಾರು. ಅರಳೆ ದಲಾಲರಾಗಿದ್ದ ಗಂಡ ತೀರಿಕೊಂಡಂದಿನಿಂದ ಹಿತ್ತಲ ಕೊಟ್ಟಿಗೆಯಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಗುಜರಿಗೆ ಹಾಕು ಅಂತ ಮೈದುನಂದಿರು ವರ್ಷಗಟ್ಟಲೆ ಹೇಳುತ್ತಲೇ ಬಂದಿದ್ದರು.

ಅವರಿದ್ದಷ್ಟು ದಿನ ಎಡಗಡೆ ಕೂತು ಹೋದೆ, ಇನ್ನು ನಾನೇ ನಡೆಸುವುದನ್ನು ಕಲಿಯಬೇಕೆಂದಿದ್ದೇನೆ ಎಂದರು ದಾಕ್ಷಾಯಣಕ್ಕ. ಗಾಡಿ ಎದ್ದರೆ ಸರಿ, ಏಳದಿದ್ದರೆ ಮೈದುನಂದಿರ ಮಾತು ಕೇಳುತ್ತೇನೆ ಎಂದೂ ಹೇಳಿದರು.

ಕಲ್ಮೇಶ ಕೆಲಸಕ್ಕೆ ಇಳಿದ. ಹಳಸಿದ ಪೆಟ್ರೋಲ್ ಚೆಲ್ಲಿ ಟ್ಯಾಂಕು ತೊಳೆದ. ಕಾರ್ಬೊರೇಟರ್ ಬಿಚ್ಚಿ ಸ್ವಚ್ಛ ಮಾಡಿದ. ಎಂಜಿನ್ ಬಿಗಿದುಕೊಂಡಿತ್ತು; ಪ್ಲಗ್ ತೆಗೆದು ಒಳಗೆ ಧಾರಾಳವಾಗಿ ಎಣ್ಣೆ ಬಿಟ್ಟ. ನೆನೆಯಲು ಬಿಟ್ಟು, ಕೈಯಿಂದ ತಿರುಗಿಸಿ ತಿರುಗಿಸಿ ಸಡಿಲ ಮಾಡಿದ.

ಗಾಡಿ ಎಬ್ಬಿಸುವ ದಿನ ದಾಕ್ಷಾಯಣಕ್ಕ ಬೆಳಿಗ್ಗೆಯೇ ಬಂದರು. ಅಜ್ಜ ಹೊಳೆಗೆ ಸ್ನಾನಕ್ಕೆ ಹೋಗಿದ್ದರು. ಊರಿನ ನಾಲ್ಕು ಮಂದಿಯೂ ಸೇರಿದ್ದರು. ಎಲ್ಲರ ಕಣ್ಣೂ ಕಲ್ಮೇಶನ ಮೇಲೆ. ಅವನು ಕಾಯಲಿಲ್ಲ, ಕೀಲಿ ತಿರುವಿದ.

ಕಾರು ಕೆಮ್ಮಿತು, ನಡುಗಿತು, ಎದ್ದಿತು. ಹಿಂದಿನ ಕೊಳವೆಯಿಂದ ಬಿಳಿ ಹೊಗೆ ನುಗ್ಗಿ ಚಪ್ಪರ ತುಂಬಿಕೊಂಡಿತು. ಮಂದಿ ಮೂಗು ಮುಚ್ಚಿಕೊಂಡು ಹೊರಗೆ ಸರಿದರು.

ಕಲ್ಮೇಶ ತಟ್ಟನೆ ಎಂಜಿನ್ ಆರಿಸಿದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಹೆಡ್ ಗ್ಯಾಸ್ಕೆಟ್ ಹೋಗೇತಿ. ಎಂಜಿನ್ನಿನೊಳಗ ನೀರು ಇಳದೈತಿ. ಇದರ ಕತಿ ಮುಗೀತು, ಅಕ್ಕಾರ."

ದಾಕ್ಷಾಯಣಕ್ಕ ಬಾನೆಟ್ಟಿನ ಮೇಲೆ ಒಮ್ಮೆ ಕೈ ಇಟ್ಟರು. ಆಮೇಲೆ ಸೆರಗು ಹೊದ್ದುಕೊಂಡು ಹೊರಟರು. ಸಂಜೆ ಗುಜರಿಯವನ ಲಾರಿ ಕಳಿಸುತ್ತೇನೆ ಎಂದಷ್ಟೇ ಹೇಳಿದರು.

ಅಜ್ಜ ಒದ್ದೆ ಪಂಚೆ ಹಿಂಡುತ್ತ ಬಂದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಬೈಯಲಿಲ್ಲ.

"ಏನ್ ಕಂಡಿ?"

"ಬಿಳಿ ಹೊಗಿ, ಅಜ್ಜಾರ."

"ಎಷ್ಟು ಹೊತ್ತು ಕಂಡಿ?"

ಕಲ್ಮೇಶ ಕಾರಿನ ಕೀಲಿಯನ್ನು ಅಜ್ಜನ ಮುಂದೆ ಹಿಡಿದ.

ಅಜ್ಜ ಕಾರನ್ನು ಮತ್ತೆ ಎಬ್ಬಿಸಿದರು. ಕಲ್ಮೇಶನನ್ನು ಹೊಗೆಯ ಕೊಳವೆಯ ಪಕ್ಕದಲ್ಲಿ ನೆಲದ ಮೇಲೆ ಕೂರಿಸಿದರು. ನಾನು ಕೇಳುವವರೆಗೆ ಬಾಯಿ ತೆರೆಯಬೇಡ ಎಂದು ಹೇಳಿ ರೇಡಿಯೇಟರಿನ ಬಳಿ ಹೋಗಿ ನಿಂತರು.

ಬಿಳಿ ಹೊಗೆ ಬಂತು. ಕಲ್ಮೇಶ ಅಂಗೈ ಒಡ್ಡಿದ. ಕೈ ತೇವವಾಯಿತು. ಮೂಸಿ ನೋಡಿದ, ಬರೀ ಮುಗ್ಗಲು ವಾಸನೆ. ಕೊಳವೆಯ ತುದಿಯಿಂದ ತುಕ್ಕಿನ ನೀರು ತೊಟ್ಟಿಕ್ಕಿತು. ಗ್ಯಾಸ್ಕೆಟ್ ಹೋಗಿದ್ದರೆ ಇಳಿಯಬೇಕಿದ್ದ ರೇಡಿಯೇಟರಿನ ನೀರು ಇದ್ದಷ್ಟೇ ಇತ್ತು, ಒಂದು ಗುಳ್ಳೆಯೂ ಏಳಲಿಲ್ಲ.

ಎಂಜಿನ್ ಕಾಯುತ್ತ ಬಂದಂತೆ ಬಿಳಿ ಹೊಗೆ ತೆಳುವಾಯಿತು. ಒಲೆಯ ಮೇಲಿನ ಹಬೆಯಷ್ಟಾಯಿತು. ಆಮೇಲೆ ಅದೂ ಇಲ್ಲ. ವರ್ಷಗಟ್ಟಲೆ ಸೈಲೆನ್ಸರಿನೊಳಗೆ ಕೂತಿದ್ದ ತೇವ ಅದು, ಬೇರೇನಲ್ಲ.

ಅಷ್ಟರಲ್ಲಿ ಬಣ್ಣ ತಿರುಗಿತು. ಈಗ ನೀಲಿ ಹೊಗೆ. ಸುಟ್ಟ ಎಣ್ಣೆಯ ಘಾಟು. ಪಿಸ್ಟನ್ನಿನ ರಿಂಗು ಸವೆದಿವೆ ಎಂಬ ಮಾತು ಕಲ್ಮೇಶನ ನಾಲಿಗೆಯ ತುದಿಗೆ ಬಂತು.

ಅಜ್ಜ ಅವನ ಮುಖ ನೋಡಿ ಕೇಳಿದರು.

"ಆ ಎಣ್ಣಿ ಯಾರು ಹಾಕಿದ್ದು?"

ಕಲ್ಮೇಶ ತಲೆ ತಗ್ಗಿಸಿದ. ಪ್ಲಗ್ಗಿನ ತೂತಿನಿಂದ ತಾನೇ ಸುರಿದ ಎಣ್ಣೆ. ಅದು ಉರಿದು ಮುಗಿಯುವವರೆಗೂ ಅಲ್ಲೇ ಕೂತ. ಕಣ್ಣು ಉರಿದವು, ಏಳಲಿಲ್ಲ. ಕೊನೆಗೆ ಕೊಳವೆಯ ಬಾಯಲ್ಲಿ ಬಿಸಿ ಗಾಳಿ ಮಾತ್ರ ಉಳಿಯಿತು. ಅದರಾಚೆ ಹೊಳೆ ಸ್ವಚ್ಛವಾಗಿ ಕಂಡಿತು.

ಅಜ್ಜ ಎಂಜಿನ್ ಆರಿಸಿದರು. ಮೂಲೆಯಲ್ಲಿದ್ದ ಸೈಕಲ್ಲಿನ ಕಡೆ ನೋಡಿದರು.

ಕಲ್ಮೇಶ ಊರ ಕಡೆ ಜೋರಾಗಿ ಸೈಕಲ್ ತುಳಿದ. ದಾಕ್ಷಾಯಣಕ್ಕ ಜಗಲಿಯ ಮೇಲೆ ಕೂತು ಕಾಳು ಆರಿಸುತ್ತಿದ್ದರು. ಗುಜರಿಯವನಿಗೆ ಆಗಲೇ ಮಾತು ಕೊಟ್ಟಾಗಿತ್ತು. ಕಲ್ಮೇಶನ ಮಾತನ್ನು ಪೂರ್ತಿ ಕೇಳಿ ಮೊರ ಕೆಳಗಿಟ್ಟರು.

"ಮುಂಜಾನೆ ಸತ್ತೈತಿ ಅಂದಿ. ಈಗ ಎದ್ದೈತಿ ಅಂತಿ. ಯಾವ ಮಾತು ನಂಬಲಿ?"

"ಮುಂಜಾನೆ ನಾ ನೋಡಿರಲಿಲ್ಲ, ಅಕ್ಕಾರ. ಬರೇ ಹೇಳಿದೆ."

ಅವರು ಸೆರಗಿನ ಧೂಳು ಕೊಡವಿ ಎದ್ದರು. ಆಮೇಲೆ ಒಳಗೆ ಹೋಗಿ, ಲಾರಿ ಬೇಡವೆಂದು ಹೇಳಿಕಳಿಸಿ, ಚಪ್ಪಲಿ ಮೆಟ್ಟಿಕೊಂಡು ಬಂದರು.

ಇಳಿಹೊತ್ತಿನಲ್ಲಿ ಕಾರು ರಸ್ತೆಗೆ ಬಂತು. ಕಲ್ಮೇಶ ನಡೆಸುತ್ತಿದ್ದ. ಪಕ್ಕದಲ್ಲಿ ದಾಕ್ಷಾಯಣಕ್ಕ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಕೇಳುತ್ತ, ತಾವೇ ಹೆಸರು ಹೇಳಿಕೊಂಡು ಪಾಠ ಮಾಡಿಕೊಳ್ಳುತ್ತಿದ್ದರು. ತಪ್ಪು ಹೇಳಿದಾಗ ತಮಗೆ ತಾವೇ ನಗುತ್ತಿದ್ದರು.

ಸೇತುವೆಯ ಇಳಿಜಾರಿನಲ್ಲಿ ಕಲ್ಮೇಶ ಆಕ್ಸಿಲರೇಟರಿನಿಂದ ಕಾಲು ತೆಗೆದ. ಕೆಳಗೆ ಬಂದು ಮತ್ತೆ ಒತ್ತಿದಾಗ ಕನ್ನಡಿಯಲ್ಲಿ ಕಂಡಿತು: ನೀಲಿ ಹೊಗೆಯ ಒಂದು ಸಣ್ಣ ಉಂಡೆ. ಎದ್ದು ಕರಗಿತು. ಮರಳಿ ಬರುವಾಗಲೂ ಅದೇ ಇಳಿಜಾರು, ಅದೇ ಹೊಗೆ.

ಅವನು ದಾಕ್ಷಾಯಣಕ್ಕನ ಮುಖ ನೋಡಿದ. ಏನೂ ಹೇಳಲಿಲ್ಲ.

ಅಜ್ಜ ಸೇತುವೆ ಕಾಣುವಂತೆ ಕಟ್ಟೆಯ ಮೇಲೆ ಕೂತಿದ್ದರು. ಗಾಡಿ ಹೇಗೆ ಹೋಯಿತೆಂದು ಕೇಳಿದರು. ಚೆನ್ನಾಗಿ ಹೋಯಿತು ಎಂದ ಕಲ್ಮೇಶ. ಅಜ್ಜ ಅವನ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ಸೇತುವೆ ಇಳಿದ ಮೇಲೆ ಏನಾಯಿತು ಎಂದು ಮತ್ತೆ ಕೇಳಿದರು.

ಕಲ್ಮೇಶ ಹತ್ತಿರ ಬಂದು ದನಿ ತಗ್ಗಿಸಿದ. ನಡೆದದ್ದು ಹೇಳಿದ. ಎಣ್ಣೆ ಒಳಗೆ ಸೋರದಂತೆ ತಡೆಯುವ ವಾಲ್ವಿನ ಸೀಲು ರಬ್ಬರಿನವು, ನಿಂತಲ್ಲೇ ನಿಂತು ಒಣಗಿರಬೇಕು. ಇವತ್ತಲ್ಲ ನಾಳೆ ಎಂಜಿನ್ ಬಿಚ್ಚಲೇಬೇಕು ಎಂದ.

"ಆಕಿಗೆ ಹೇಳಿದೇನು?"

"ಇಲ್ರೀ. ಭಾಳ ದಿವಸದ ಮ್ಯಾಲೆ ನಗಾಕತ್ತಾರ."

"ಕಾರು ಯಾರದು?"

"ಅವರದು."

"ಹಂಗಾದ್ರ ಹೊಗಿನೂ ಅವರದ. ನೀ ಯಾಕ ಇಟಗೊಂಡಿ?"

ಕಲ್ಮೇಶ ಕಾರಿನ ಬಳಿಗೆ ಹೋದ. ದಾಕ್ಷಾಯಣಕ್ಕ ಈಗ ಬಲಗಡೆಯ ಸೀಟಿನಲ್ಲಿ ಕೂತು ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ನೋಡುತ್ತಿದ್ದರು. ಅವನು ಬಾಗಿ, ಕಂಡದ್ದನ್ನು ಕಂಡಷ್ಟೇ ಹೇಳಿದ. ಹೆಚ್ಚು ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ.

ಅವರ ನಗು ಹೋಯಿತು. ಕೈ ಮಾತ್ರ ಸ್ಟೇರಿಂಗ್ ಬಿಡಲಿಲ್ಲ. ಇನ್ನೆಷ್ಟು ದಿನ ಓಡೀತು ಎಂದು ಕೇಳಿದರು.

ಕಲ್ಮೇಶ ಬಾಯಿ ತೆರೆದ, ಮುಚ್ಚಿದ. ಅಜ್ಜನ ಕಡೆ ತಿರುಗಿದ.

ಅಜ್ಜ ಕಟ್ಟೆ ಇಳಿದು ಬಂದು ಕಾರಿನ ಬಾಗಿಲ ಮೇಲೆ ಕೈ ಇಟ್ಟರು.

"ಅದಿರಲಿ, ತಂಗಿ. ನಿನಗ ಎಲ್ಲಿಗೆ ಹೋಗಬೇಕಾಗೇತಿ?"