ನಡುಹೊಳೆಯ ಮಂತ್ರ

ಹೊಳೆ ದಂಡೆಯ ಆ ಮಠಕ್ಕೆ ಸುತ್ತಲಿನವರು ಹಾವಿನ ಮಠ ಅನ್ನುತ್ತಿದ್ದರು. ಹಾವು ಕಚ್ಚಿದವರನ್ನು ಅಲ್ಲಿಗೇ ತರುತ್ತಿದ್ದರು.

ಮಠದ ಸ್ವಾಮಿಗಳಾದ ಅಜ್ಜಾರು ಅವರನ್ನು ಹರಿಗೋಲಿನಲ್ಲಿ ಮಲಗಿಸಿ ಆಚೆ ದಂಡೆಗೆ ಒಯ್ಯುತ್ತಿದ್ದರು. ನಡುಹೊಳೆಯಲ್ಲಿ ಅಜ್ಜಾರ ತುಟಿ ಅಲುಗುವುದು ಈಚೆ ದಂಡೆಯವರಿಗೆ ಕಾಣುತ್ತಿತ್ತು. ಆಚೆ ಆಸ್ಪತ್ರೆ ಇತ್ತು ನಿಜ. ಅದು ನೆಪಕ್ಕೆ, ಗುಣ ಮಾಡುವುದು ನಡುಹೊಳೆಯ ಮಂತ್ರ ಎಂದು ಜನ ನಂಬಿದ್ದರು.

ಶಿಷ್ಯ ಮುರಿಗೆಪ್ಪನೂ ನಂಬಿದ್ದ. ಆ ಮಂತ್ರಕ್ಕಾಗಿಯೇ ಮಠ ಸೇರಿದ್ದ. ಕೇಳಿದಾಗಲೆಲ್ಲ ಅಜ್ಜಾರು ಹರಿಗೋಲಿನ ಕೆಲಸ ಹಚ್ಚುತ್ತಿದ್ದರು. ಸಂತೆಗೆ ಹೋಗುವವರನ್ನು ದಾಟಿಸಿ, ಅಲ್ಲಿ ಚಹಾಕ್ಕೂ ನಿಲ್ಲದೆ, ಖಾಲಿ ಹರಿಗೋಲನ್ನು ತಿರುಗಿ ತರಬೇಕು. ಮಂತ್ರ ಕಲಿಯಲು ಬಂದವನು ಅಂಬಿಗನಾದೆ ಎಂದು ಗೊಣಗುತ್ತಿದ್ದ.

ಒಂದು ಮಧ್ಯಾಹ್ನ ಹಾಗೇ ಗೊಣಗುತ್ತ ಬಂದು, ಹರಿಗೋಲು ಕಟ್ಟಿ, ಆಕಳಿಗೆ ಹುಲ್ಲು ಕೊಯ್ಯಲು ಕೂತ. ಹುಲ್ಲಿನೊಳಗಿದ್ದ ನಾಗರಹಾವು ಕಾಲಿಗೆ ಕಚ್ಚಿ ಸರಿದುಹೋಯಿತು.

ಅಜ್ಜಾರು ಬರುವಷ್ಟರಲ್ಲಿ ಅವನು ಕೊರಳ ಲಿಂಗವನ್ನು ರುಮಾಲಿನಲ್ಲಿ ಸುತ್ತಿಟ್ಟು, ಶಿವದಾರವನ್ನು ಮೊಣಕಾಲ ಕೆಳಗೆ ಬಿಗಿಯಲು ಹೊರಟಿದ್ದ.

ಗಂಟು ಬೀಳುವ ಮೊದಲೇ ಅಜ್ಜಾರು ದಾರ ಕಸಿದುಕೊಂಡರು.

“ವಿಷ ಮ್ಯಾಲೇರತೈತ್ರಿ ಅಜ್ಜಾರ. ಕೊಯ್ದು ರಕ್ತನಾದ್ರೂ ಹಿಂಡತೀನಿ.”

“ಹಾವು ಮಾಡಿದ ಗಾಯ ಸಾಲದೇನು ನಿನಗ?”

ಕುಡುಗೋಲನ್ನು ದೂರ ಎಸೆದರು. ಎದ್ದು ಓಡಲು ಹೋದವನನ್ನು ಮಲಗಿಸಿದರು. ಕಾಲಿಗೆ ಬಿದಿರ ದಬ್ಬೆ ಕೊಟ್ಟು, ಪಂಚೆ ಹರಿದು ಸಡಿಲವಾಗಿ ಸುತ್ತಿದರು. ಹೊಲದವರನ್ನು ಕೂಗಿ ಕರೆದು ಹೊರಿಸಿ, ಹರಿಗೋಲಿಗೆ ಇಳಿಸಿ, ಹುಟ್ಟು ತಾವೇ ಹಿಡಿದರು.

ನಡುಹೊಳೆ ಬಂತು. ಮುರಿಗೆಪ್ಪನ ರೆಪ್ಪೆಗಳು ಜೋತುಬೀಳುತ್ತಿದ್ದವು. ಅಜ್ಜಾರ ತುಟಿ ಅಲುಗಿತು. ಅವನು ಜೀವವನ್ನೆಲ್ಲ ಕಿವಿಗೆ ತಂದುಕೊಂಡ.

“ಅಲುಗಾಡಬ್ಯಾಡ. ಹೆದರಬ್ಯಾಡ. ದಂಡಿ ಬಂತು.”

ಅಷ್ಟೇ. ಮತ್ತೆ ಅದೇ ಮಾತು. ಮತ್ತೆ ಅದೇ.

ಆಸ್ಪತ್ರೆಯ ಡಾಕ್ಟರಮ್ಮ ವಿಷಕ್ಕೆ ಮದ್ದು ಏರಿಸಿದರು. ತಡವಾಗಲಿಲ್ಲ, ಉಳಿದ ಎಂದರು.

ಕುಂಟುತ್ತ ಮಠಕ್ಕೆ ಮರಳಿದ ಮುರಿಗೆಪ್ಪ ಅಜ್ಜಾರ ಮುಂದೆ ಕೂತು ನೆಲ ನೋಡುತ್ತ ಕೇಳಿದ.

“ಹಂಗಾದ್ರ ಮಂತ್ರ ಇಲ್ಲೇನ್ರಿ?”

“ಐತಿ. ಸಮೀಪ ಬಾ. ಇವತ್ತು ಕೊಡತೀನಿ.”

ಲಿಂಗ ಕಟ್ಟಿದ ಶಿವದಾರವನ್ನು ಅವನ ಕೊರಳಿಗೆ ಹಾಕಿ, ಅಜ್ಜಾರು ಅವನ ಕಿವಿಯತ್ತ ಬಾಗಿದರು.

“ಹರಿಗೋಲು ಯಾವಾಗಲೂ ಈ ದಂಡಿಗೇ ಇರಲಿ.”